ಕೈ ಬಿಟ್ಟು ಇಳಿಯುವ ವಿದ್ಯೆ

ನಮ್ಮ ಮನೆಯ ನಡುಕೋಣೆಯಲ್ಲಿ, ಇಸ್ತ್ರಿಗೆ ಕಾದಿರುವ ಬಟ್ಟೆಗಳ ಗುಡ್ಡೆಯ ಪಕ್ಕದ ಮೇಜಿನ ಮೇಲೆ, ನೀಲಿ ಬನಿಯನ್ ಬಟ್ಟೆಯ ತುಂಡೊಂದನ್ನು ಹೊದ್ದು ಕುಳಿತಿರುವ ವಸ್ತುವನ್ನು ಕಂಡ ನೆಂಟರು ಅದನ್ನು ಹೆಪ್ಪು ಹಾಕಿಟ್ಟ ಮೊಸರಿನ ಪಾತ್ರೆಯೆಂದೋ ಹೊಸದಾಗಿ ಕೊಂಡ ಮಿಕ್ಸಿಯೆಂದೋ ತಿಳಿಯುವುದುಂಟು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರುಬಟ್ಟೆ ಮೂಟೆಗಟ್ಟಲೆ ನಮ್ಮ ಕೊಯಮತ್ತೂರಿನ ವರ್ಕ್‌ಶಾಪುಗಳಿಗೆ ಬರುತ್ತದೆ. ಯಂತ್ರದ ಎಣ್ಣೆ ಒರೆಸಲು ಅದರಷ್ಟು ಮೆತ್ತನೆಯದು ಬೇರೊಂದಿಲ್ಲ. ಅಂಥ ಮೂಟೆಯೊಂದರಿಂದ ಆರಿಸಿ ತಂದ ಈ ತುಂಡನ್ನು ಧೂಳು ಕೂರದಿರಲೆಂದು ನಾನೇ ಹೊದಿಸಿದ್ದೇನೆ. ಅದರ ಕೆಳಗಿರುವುದು, ಮಿತ್ರರೇ, ಒಂದು ಯುದ್ಧವಿಮಾನದ ಹಿಡಿಕೆ.

ಗಾಬರಿಯಾಗಬೇಡಿ. ವಿಮಾನ ಇರುವುದು ಕಂಪ್ಯೂಟರಿನಲ್ಲಿ. ಸಿಮ್ಯುಲೇಟರ್ ಎಂಬ ಆ ಆಟದಲ್ಲಿ ಹಿಡಿಕೆ, ಕೀಲಿಮಣೆ, ಪರದೆ ಇವಿಷ್ಟು ನಿಜ. ಆಕಾಶ, ಸಮುದ್ರ, ಶತ್ರು ಮೂರೂ ಸುಳ್ಳು. ಅರವತ್ತು ದಾಟಿದ, ಮೊಣಕಾಲಿಗೆ ದಿನವೂ ತೈಲ ತಿಕ್ಕಿಸಿಕೊಳ್ಳುವ ನಾನು ಬೆಳಗಿನ ಇಡ್ಲಿ ಮುಗಿಸಿ, ಕೈ ತೊಳೆದು, ವಿಮಾನವಾಹಕ ಹಡಗಿನ ಅಟ್ಟದಿಂದ ಆಕಾಶಕ್ಕೆ ನೆಗೆಯುತ್ತೇನೆ. ಕೊಯಮತ್ತೂರಿನವನಿಗೆ ಸಮುದ್ರವೆಂದರೆ ರಾಮೇಶ್ವರದ ಯಾತ್ರೆಯಲ್ಲಿ ಮುಳುಗು ಹಾಕಿದ ಉಪ್ಪುನೀರು ಅಷ್ಟೇ. ಉಳಿದ ಸಮುದ್ರವನ್ನೆಲ್ಲ ನಾನು ಈ ಪರದೆಯ ಮೇಲೆಯೇ ನೋಡಿದ್ದು, ಹೆಚ್ಚಾಗಿ ಅದರೊಳಗೆ ಬೀಳುತ್ತ ನೋಡಿದ್ದು.

ಈ ಹುಚ್ಚು ಹೇಗೆ ಹತ್ತಿತೆಂದು ಹೇಳಬೇಕಾದರೆ ನಮ್ಮ ವಂಶದ ಒಂದು ಚಾಳಿಯನ್ನು ಮೊದಲು ಹೇಳಬೇಕು. ಓಡುವ ಯಂತ್ರವನ್ನು ಕಂಡರೆ ಅದರ ಮೇಲೆ ಅಂಗೈ ಇಡದೆ ನಮ್ಮಿಂದ ಇರಲಾಗುವುದಿಲ್ಲ. ನಾವು ಮನೆಯಲ್ಲಿ ಕನ್ನಡವಾಡುವ, ಬೀದಿಗಿಳಿದರೆ ತಮಿಳಾಡುವ, ಎಷ್ಟೋ ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರರು. ತಾತ ಕೈಮಗ್ಗದ ಹಾಸಿನ ಮೇಲೆ ಅಂಗೈ ಹಾಯಿಸಿ ನೂಲಿನ ಬಿಗಿ ನೋಡುತ್ತಿದ್ದ. ಅಪ್ಪ ಪವರ್‌ಲೂಮಿನ ಚೌಕಟ್ಟಿನ ಮೇಲೆ ಕೈಯಿಟ್ಟು ಅದರ ಆರೋಗ್ಯ ವಿಚಾರಿಸುತ್ತಿದ್ದ. ನಾನು ಮಗ್ಗ ಬಿಟ್ಟು ಮೋಟಾರು ಸುತ್ತುವ ಕಸುಬು ಹಿಡಿದರೂ ಅಂಗೈ ಮಾತ್ರ ಅದೇ ಮನೆತನದ್ದಾಗಿ ಉಳಿಯಿತು. ಮದುವೆಗೆ ಹೋದರೆ ವಧೂವರರನ್ನು ಹರಸುವ ಮೊದಲು ಛತ್ರದ ಹಿಂದಿನ ಜನರೇಟರನ್ನು ಮುಟ್ಟಿ ಬರುತ್ತೇನೆ. ನನ್ನ ಹೆಂಡತಿ ಮಹದೇವಿ, ಕೊಳ್ಳೇಗಾಲದಿಂದ ಬಂದು ಈ ಮನೆಗೆ ಕನ್ನಡದ ಅಕ್ಷರಗಳನ್ನು ತಂದವಳು, ನನಗೆ ಓದುಬರಹ ಕಲಿಸಿದವಳು, ಜ್ವರ ಬಂದಾಗ ನಾನು ಅವಳ ಹಣೆ ಮುಟ್ಟಿದರೆ ಇವತ್ತಿಗೂ ಕೇಳುವುದು ಒಂದೇ ಪ್ರಶ್ನೆ: “ಬೇರಿಂಗು ಹೋಗ್ಯದಾ, ನೋಡಿ ಹೇಳಿ.”

ಗಣಪತಿ ಎಂಬ ಬಡಾವಣೆಯಲ್ಲಿದೆ ನನ್ನ ವರ್ಕ್‌ಶಾಪು. ಪಟ್ಟರೆ ಎನ್ನುತ್ತೇವೆ ನಾವು. ಸುಟ್ಟುಹೋದ ಪಂಪುಗಳು ಅಲ್ಲಿಗೆ ಬರುತ್ತವೆ, ಹಳೆಯ ತಾಮ್ರದ ತಂತಿ ಬಿಚ್ಚಿಸಿಕೊಂಡು, ಹೊಸದು ಸುತ್ತಿಸಿಕೊಂಡು, ವಾರ್ನಿಷಿನಲ್ಲಿ ಮಿಂದು, ಒಲೆಯಲ್ಲಿ ಒಣಗಿ, ಮತ್ತೆ ತೋಟಗಳಿಗೆ ಹೋಗುತ್ತವೆ. ಹೋಗುವ ಮೊದಲು ಪ್ರತಿಯೊಂದನ್ನೂ ಓಡಿಸಿ, ಕಣ್ಣು ಮುಚ್ಚಿ, ಅದರ ಮೇಲೆ ನಾನು ಅಂಗೈ ಇಡುತ್ತಿದ್ದೆ. ಇಟ್ಟು ತಲೆಯಾಡಿಸಿದರೆ ಗಿರಾಕಿ ವ್ಯಾನಿಗೆ ಏರಿಸುತ್ತಿದ್ದ. ಬರಬರುತ್ತ ಇದು ಪಟ್ಟರೆಯ ಪದ್ಧತಿಯಾಯಿತು, ಆಮೇಲೆ ಗಿರಾಕಿಗಳ ನಂಬಿಕೆಯಾಯಿತು, ಕೊನೆಗೆ ನನ್ನ ಜಂಬವೂ ಆಯಿತು.

ನನ್ನ ಮಗಳು ಈಶ್ವರಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಕೆಲವು ವರ್ಷ ಬೇರೆ ಕಡೆ ದುಡಿದು, ತಾನಾಗಿಯೇ ಪಟ್ಟರೆಗೆ ಬಂದು ಕುಳಿತವಳು. ಅವಳ ಹತ್ತಿರ ಮೀಟರುಗಳಿವೆ. ತಂತಿಯ ಹೊದಿಕೆ ಎಲ್ಲಾದರೂ ಸೋರುತ್ತಿದೆಯೇ, ಕರೆಂಟು ಎಷ್ಟು ಎಳೆಯುತ್ತಿದೆ, ಎಲ್ಲವನ್ನೂ ಅವು ಅಂಕಿಯಲ್ಲಿ ಹೇಳುತ್ತವೆ. ಕಳೆದ ಬೇಸಿಗೆಯ ಒಂದು ದಿನ ವೆಳ್ಳಕೋಯಿಲಿನಿಂದ ಬಂದ ಗಿರಾಕಿಯ ಪಂಪನ್ನು ಅವಳು ಬೆಳಗ್ಗೆಯೇ ಸಿದ್ಧಮಾಡಿ, ಅಳೆದು, ತೆಗೆದುಕೊಂಡು ಹೋಗಿ ಎಂದಿದ್ದಾಳೆ. ನಾನು ಬ್ಯಾಂಕಿಗೆ ಹೋಗಿದ್ದೆ. ಆ ಮನುಷ್ಯ ಅಲುಗಾಡಲಿಲ್ಲ. “ಅಣ್ಣನ್ ವಂದು ಒರು ತಡವೆ ಕೈ ವೆಚ್ಚುಟ್ಟಾ ನಿಮ್ಮದಿಂಗ,” ಅಣ್ಣ ಬಂದು ಒಂದು ಸಲ ಕೈಯಿಟ್ಟರೆ ನೆಮ್ಮದಿ, ಎಂದು ಹೇಳಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತ. ನಾನು ಬಂದೆ, ಕೈಯಿಟ್ಟೆ, ತಲೆಯಾಡಿಸಿದೆ, ಅವನು ಹೋದ. ನಾನು ಹಿಗ್ಗಿ ಹೀರೇಕಾಯಿಯಾಗಿ ತಿರುಗಿ ನೋಡಿದರೆ ಈಶ್ವರಿಯ ಮುಖದಲ್ಲಿ ಬಣ್ಣವಿರಲಿಲ್ಲ.

ಊಟಕ್ಕೆ ಕುಳಿತಾಗ ಅವಳು ದನಿ ಏರಿಸದೆಯೇ ಹೇಳಿದಳು: “ಅಪ್ಪಾ, ಆ ಪಂಪು ಕಾಲೇಲೇ, ಬೆಳಗ್ಗೇನೇ ರೆಡಿ ಆಗಿತ್ತು. ನಿಮ್ ಕೈಗೇ ಕಾಯ್ತಾರೆ ಅಂದ್ರೆ ನಾನ್ ಅಲ್ಲಿ ಎದುಕ್ಕೆ? ಆ ದೊಡ್ಡ ಪಂಪು ಕಂಪನಿಯವ್ರು ಕೆಲಸಕ್ಕೆ ಬಾ ಅಂತ ಕೇಳ್ತಾನೇ ಇದಾರೆ. ನಾನ್ ಹೋಗ್ಬಿಡ್ತೀನಿ.”

“ಪಟ್ಟರೆ ಯಾರು ನೋಡೋದು ಕಣ್ಣು?” ಎಂದೆ. ಮಕ್ಕಳನ್ನು ಮುದ್ದಿನಿಂದ ನಾವು ಕಣ್ಣು ಎನ್ನುತ್ತೇವೆ.

“ನಾನ್ ನೋಡೋದಾದ್ರೆ ನಾನೇ ನೋಡ್ಬೇಕು. ಕೊಂಚ ತಿಂಗಳು ಆ ಕಡೆ ಬರ್ಬೇಡಿ ಅಪ್ಪಾ. ಅಷ್ಟು ಮಾಡಿ. ಆಮೇಲೆ ಪಾಕ್ಕಲಾಂ.”

ಆಮೇಲೆ ನೋಡೋಣ ಎಂಬ ಅವಳ ಆ ‘ಪಾಕ್ಕಲಾಂ’ ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಮಗಳು ಹೋದರೆ ಪಟ್ಟರೆ ನನ್ನ ಮೊಣಕಾಲಿನ ಜೊತೆಗೇ ಮುಚ್ಚುತ್ತದೆ. ಅವಳು ಉಳಿಯಬೇಕಾದರೆ ನಾನು ಮನೆಯಲ್ಲಿರಬೇಕು. ಒಪ್ಪಿಕೊಂಡೆ. ಮರುವಾರವೇ ಅವಳು ಈ ಹಿಡಿಕೆಯಿದ್ದ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟಳು. ನಾನು ಚಿಕ್ಕಂದಿನಿಂದಲೂ ಸೂಲೂರಿನ ವಾಯುಪಡೆ ನೆಲೆಯ ಕಡೆಯಿಂದ ಹಾರುವ ವಿಮಾನಗಳಿಗೆ ಕತ್ತೆತ್ತಿ ಕತ್ತೆತ್ತಿ ಸೈಕಲ್ಲಿನಿಂದ ಬಿದ್ದವನೆಂಬುದು ಅವಳಿಗೆ ಗೊತ್ತು. “ಕೈಗೆ ಒಂದ್ ವೇಲೆ ಬೇಕಲ್ಲ,” ಎಂದಳು. ಕೆಲಸಕ್ಕೆ ನಮ್ಮ ಮನೆಯಲ್ಲಿ ಆಗಾಗ ವೇಲೆ ಎನ್ನುತ್ತೇವೆ. ಹೀಗೆ ಮೋಟಾರಿನ ಮೇಲಿಂದ ಎತ್ತಿದ ಕೈ ಯುದ್ಧವಿಮಾನದ ಮೇಲೆ ಬಿತ್ತು.

ಹಾರುವುದು ಸುಲಭ, ಮಿತ್ರರೇ; ಯಾರು ಬೇಕಾದರೂ ಹಾರಬಹುದು. ಕಷ್ಟವಿರುವುದು ಇಳಿಯುವುದರಲ್ಲಿ, ಅದೂ ಹಡಗಿನ ಮೇಲೆ. ನೆಲದ ಮೇಲಿನ ರನ್‌ವೇ ಇಟ್ಟ ಜಾಗದಲ್ಲೇ ಇರುತ್ತದೆ. ಹಡಗು ಹಾಗಲ್ಲ, ಅದು ಮುಂದಕ್ಕೆ ಓಡುತ್ತಿರುತ್ತದೆ, ಮೇಲಕ್ಕೆ ಏಳುತ್ತಿರುತ್ತದೆ, ಕೆಳಕ್ಕೆ ಕುಸಿಯುತ್ತಿರುತ್ತದೆ, ಮತ್ತು ಆಕಾಶದಿಂದ ನೋಡಿದರೆ ಅಂಗಳಕ್ಕೆ ಎಸೆದ ಚಪ್ಪಲಿಯಷ್ಟೇ ಕಾಣುತ್ತದೆ. ಆ ಅಟ್ಟದ ಮೇಲೆ ಅಡ್ಡಲಾಗಿ ಕಟ್ಟಿದ ತಂತಿಗಳಲ್ಲಿ ಒಂದಕ್ಕೆ ವಿಮಾನದ ಬಾಲದ ಕೊಕ್ಕೆ ಸಿಕ್ಕಬೇಕು. ನಾನು ಎಡಕ್ಕೆ ಬಿದ್ದೆ, ಬಲಕ್ಕೆ ಬಿದ್ದೆ, ಹಡಗಿನ ಬೆನ್ನಿಗೆ ಬಡಿದೆ, ಹಡಗೇ ಇಲ್ಲದ ಕಡೆ ಬಹಳ ನಾಜೂಕಾಗಿ ಇಳಿದೆ. ಅಡುಗೆಮನೆಯಿಂದ ಮಹದೇವಿ ತಲೆ ಹೊರಗೆ ಹಾಕಿ, “ಇವತ್ತೂ ಸಮುದ್ರಕ್ಕೇ ಬುಟ್ರಾ?” ಎಂದು ಕೇಳುವುದು ದಿನಚರಿಯಾಯಿತು.

ಹೀಗಿರುವಾಗ ಆ ವಿಮಾನಕ್ಕೆ ತಾನಾಗಿಯೇ ಇಳಿಯುವ ವ್ಯವಸ್ಥೆಯೊಂದಿದೆ ಎಂಬ ಸುದ್ದಿ ನನಗೆ ತಿಳಿಯಿತು. ವಿಧಾನ ಹೀಗೆ: ಹಡಗಿನ ಹಿಂದೆ ಕೆಲವು ಮೈಲಿ ದೂರದಲ್ಲಿ, ಅದರ ನೇರಕ್ಕೆ ಬರಬೇಕು. ಚಕ್ರ ಇಳಿಸಬೇಕು, ಕೊಕ್ಕೆ ಇಳಿಸಬೇಕು. ವೇಗ ನೋಡಿಕೊಳ್ಳುವ ಕೆಲಸವನ್ನು ಗುಂಡಿಯೊಂದನ್ನೊತ್ತಿ ಯಂತ್ರಕ್ಕೆ ವಹಿಸಬೇಕು. ಅಷ್ಟರಲ್ಲಿ ಹಡಗಿನ ರೇಡಾರು ನಮ್ಮನ್ನು ಗುರುತು ಹಿಡಿದು, ನಿನ್ನನ್ನು ಕಂಡಿದ್ದೇನೆ ಎಂಬಂತೆ ಪರದೆಯ ಮೇಲೆ ಒಂದು ಚಿಹ್ನೆ ಕಳಿಸುತ್ತದೆ. ಆಗ ಇನ್ನೊಂದು ಗುಂಡಿಯನ್ನೊತ್ತಿದರೆ ವಿಮಾನ ಹಡಗಿನ ಮಾತಿಗೆ ಜೋಡಣೆಯಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಬಾಗಬೇಕು, ಎಷ್ಟು ಇಳಿಯಬೇಕು, ಅಲೆಗೆ ಎದ್ದ ಅಟ್ಟಕ್ಕೆ ಎಷ್ಟು ರಿಯಾಯಿತಿ ತೋರಬೇಕು, ಎಲ್ಲ ಹಡಗು ಹೇಳುತ್ತದೆ, ವಿಮಾನ ಕೇಳುತ್ತದೆ. ನಡುವೆ ಕುಳಿತವನಿಗೆ ಒಂದೇ ಕೆಲಸ, ಕೈ ಎತ್ತಿ ಸುಮ್ಮನಿರುವುದು.

ಆ ಒಂದೇ ಕೆಲಸ ನನ್ನಿಂದಾಗಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿ, ಗುಂಡಿಯೊತ್ತಿ, ಹಡಗು ದೊಡ್ಡದಾಗುವುದನ್ನು ಬೆರಗಿನಿಂದ ನೋಡುತ್ತ ಕುಳಿತಿರುತ್ತಿದ್ದೆ. ಇದ್ದಕ್ಕಿದ್ದಂತೆ ವಿಮಾನ ಮೂಗು ತಗ್ಗಿಸಿ ನೀರಿಗೆ ಹೋಗುತ್ತಿತ್ತು. ಕಂಪ್ಯೂಟರನ್ನು ಬೈದೆ, ಕೇಬಲ್ಲನ್ನು ಬದಲಾಯಿಸಿದೆ. ಒಂದು ಭಾನುವಾರ ಈಶ್ವರಿ ಬೆನ್ನ ಹಿಂದೆ ನಿಂತು ನೋಡಿ, “ಅಪ್ಪಾ, ಕೈ ಎತ್ತಿ,” ಎಂದಳು.

ನೋಡಿಕೊಂಡರೆ ನನ್ನ ಬಲ ಅಂಗೈ ಹಿಡಿಕೆಯ ಮೇಲೆ ಮೆಲ್ಲಗೆ, ಮಲಗಿದ ಕೂಸಿನ ಬೆನ್ನ ಮೇಲೆ ಇಟ್ಟಂತೆ, ಕುಳಿತಿತ್ತು. “ಅಮುಕಿಲ್ಲಮ್ಮಾ, ಸುಮ್ಕೆ ಇಟ್ಟಿದೀನಿ,” ಎಂದೆ.

“ಸುಮ್ಕೆ ಇಟ್ಟಿದೀರಿ ಅಂತ ಅದುಕ್ಕೆ ಹೆಂಗ್ ಗೊತ್ತಾಗುತ್ತೆ? ಕೈ ಬಿದ್ರೆ ಸರಿ, ನೀವೇ ಓಡಿಸ್ತೀರಿ ಅಂತ ಅದು ಬಿಟ್ಟುಬಿಡುತ್ತೆ.”

ವಿಮಾನದ ಬಗ್ಗೆಯೇ ಅವಳು ಹೇಳಿದ್ದು. ಆದರೆ ಹೇಳಿ ಮುಗಿಸಿದ ಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು, ನಾನು ಹಿಡಿಕೆಯ ಮೇಲಿಂದ ಕೈ ತೆಗೆದೆ. ಮಹದೇವಿ ಒಳಗಿನಿಂದ ಬಂದು ನಮ್ಮಿಬ್ಬರ ಮುಖ ನೋಡಿ, ಸಾಂಬಾರಿನ ಚಿಕ್ಕ ಈರುಳ್ಳಿಯ ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು, “ಕೈ ಸುಮ್ಕಿರಕಾಗದಿದ್ರೆ ಇದ ಸುಲೀರಿ,” ಎಂದಳು.

ಅಂದು ನಾನು ಗುಂಡಿಯೊತ್ತಿ ಎರಡೂ ಕೈಗಳನ್ನು ಈರುಳ್ಳಿಗೆ ಒಪ್ಪಿಸಿದೆ. ಪರದೆಯ ಮೇಲೆ ಹಡಗು ಬೆಳೆಯಿತು, ವಿಮಾನ ತಾನೇ ತಾನಾಗಿ ಚೂರು ಎಡಕ್ಕೆ ವಾಲಿತು, ಚೂರು ಎದ್ದಿತು, ನನ್ನ ಹಂಗಿಲ್ಲದೆ ಅಟ್ಟವನ್ನು ಮುಟ್ಟಿತು. ಮುಟ್ಟಿದ ಕೂಡಲೇ ಇಂಜಿನ್ನಿನ ವೇಗವನ್ನು ಪೂರ್ತಿ ಏರಿಸಬೇಕೆಂಬುದು ಹಡಗಿನ ಮೇಲಿನ ನಿಯಮ. ಕೊಕ್ಕೆ ತಪ್ಪಿದರೆ ಮತ್ತೆ ಹಾರಲು ಶಕ್ತಿ ಬೇಕಲ್ಲ. ಸಿಪ್ಪೆ ಅಂಟಿದ ಎಡಗೈಯಿಂದ ಏರಿಸಿದೆ. ಕೊಕ್ಕೆ ತಂತಿಗೆ ಸಿಕ್ಕಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಎಂದು ಮಹದೇವಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ನಾನು ತಕರಾರು ಮಾಡಿಲ್ಲ.

ನೀವು ಕೇಳಬಹುದು, ಯಂತ್ರವೇ ಇಳಿಸಿದರೆ ಅದರಲ್ಲಿ ನಿನ್ನದೇನು ಬಂತು ಎಂದು. ಮೊದಮೊದಲು ನನಗೂ ಹಾಗೆಯೇ ಅನಿಸಿತ್ತು. ಕೈಯಿಂದ ಇಳಿಸುವುದು ವಿದ್ಯೆ, ಗುಂಡಿಯಿಂದ ಇಳಿಸುವುದು ಸೋಮಾರಿತನ ಎಂದುಕೊಂಡಿದ್ದೆ. ಆದರೆ ದಿನವೂ ಈರುಳ್ಳಿ ಸುಲಿಯುತ್ತ ಇಳಿದ ಮೇಲೆ ಬೇರೆಯೇ ಒಂದು ಸಂಗತಿ ಗೊತ್ತಾಯಿತು. ಕೈಯಿಂದ ಇಳಿಸುವಾಗ ಭಯಪಡಲು ಪುರುಸೊತ್ತೇ ಇರುವುದಿಲ್ಲ. ಕೈ ಬಿಟ್ಟು ಕುಳಿತಾಗ ಇಡೀ ಭಯವನ್ನು ಪೂರ್ತಿಯಾಗಿ, ಆರಾಮಾಗಿ ಅನುಭವಿಸಬೇಕು. ವಿಮಾನ ಸ್ವಲ್ಪ ಅಲುಗಿದರೂ ಅಂಗೈ ತುರಿಸುತ್ತದೆ. ನೋಡುತ್ತಲೂ ಇರಬೇಕು, ಯಾಕೆಂದರೆ ಜೋಡಣೆ ನಿಜವಾಗಿಯೂ ಕಡಿದುಹೋದರೆ ಹಿಡಿಕೆ ಹಿಡಿಯಬೇಕಾದವನು ನಾನೇ. ಕೈ ಹತ್ತಿರದಲ್ಲಿರಬೇಕು, ಮೇಲಿರಬಾರದು. ಆ ಎರಡರ ನಡುವೆ ಇರುವ ನಾಲ್ಕು ಬೆರಳಗಲದ ಜಾಗದಲ್ಲಿ ಕುಳಿತಿರುವುದು ನನ್ನ ಜೀವಮಾನದಲ್ಲೇ ಕಷ್ಟದ ಕೆಲಸವಾಗಿ ಕಂಡಿತು.

ನಮ್ಮ ಕಡೆಯ ರೈತರನ್ನೇ ನೋಡಿ. ಆನೈಮಲೈಯ ತೆಂಗಿನ ತೋಟಗಳಲ್ಲಿ ಈಗ ಮೋಟಾರು ಚಾಲೂ ಮಾಡಲು ಯಾರೂ ನಡೆದು ಹೋಗಬೇಕಾಗಿಲ್ಲ. ಫೋನಿನಲ್ಲಿ ಒಂದು ಗುಂಡಿಯೊತ್ತಿದರೆ ಸಾಕು, ನೀರು ಬರುತ್ತದೆ, ಬಂದಿತು ಎಂಬ ಸಂದೇಶವೂ ಬರುತ್ತದೆ. ಆ ಸಂದೇಶವನ್ನು ಓದಿ, ಫೋನನ್ನು ಜೇಬಿಗಿಟ್ಟು, ಸ್ಕೂಟರ್ ಹತ್ತಿ ತೋಟಕ್ಕೆ ಹೋಗಿ, ಕಾಲುವೆಯ ನೀರಿಗೆ ಕಾಲು ಅದ್ದಿ ನೋಡಿ ಬರುವವರು ನನಗೆ ಬೇಕಾದಷ್ಟು ಮಂದಿ ಗೊತ್ತು. ಮಹದೇವಿ ಮಾತ್ರ ಕಡಿಮೆಯೇ? ಬಟ್ಟೆ ತೊಳೆಯುವ ಯಂತ್ರ ಸುತ್ತುವಷ್ಟು ಹೊತ್ತೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿರುತ್ತಾಳೆ. ಯಾಕೆ ಎಂದರೆ, “ಒಂಟಿಯಾಗಿ ಒಗೀತಾ ಕೂತದೆ, ಪಾಪ,” ಎನ್ನುತ್ತಾಳೆ. ಕೆಲಸವನ್ನು ಕೊಟ್ಟುಬಿಡುವುದು ನಮಗೆ ಬೇಗ ಬರುತ್ತದೆ, ಕೊಟ್ಟ ಮೇಲೆ ಏನು ಮಾಡಬೇಕೆಂಬುದು ಇನ್ನೂ ಬಂದಿಲ್ಲ.

ಇಷ್ಟೆಲ್ಲ ತತ್ತ್ವ ಹೊಳೆದು ನಾನು ಹಗುರವಾಗಿ ಹಾರಿಕೊಂಡಿದ್ದಾಗಲೇ ಆನೈಮಲೈಯಿಂದ ಒಂದು ಮೋಟಾರು ಪಟ್ಟರೆಗೆ ವಾಪಸು ಬಂತು. ಬೋರ್‌ವೆಲ್ಲಿನೊಳಗೆ ಮುಳುಗಿ ಓಡುವ ಮೋಟಾರು ಅದು. ಈಶ್ವರಿಯೇ ಸುತ್ತಿ, ಅಳೆದು ಕಳಿಸಿದ್ದು. ಕೆಲವೇ ದಿನಗಳಲ್ಲಿ ಸುಟ್ಟುಹೋಗಿತ್ತು. ತೋಟದವರು ಬೈಯಲಿಲ್ಲ, ಅಷ್ಟು ಮರ್ಯಾದಸ್ಥರು. ನಿಮ್ಮ ಅಪ್ಪ ಒಂದು ಸಲ ಕೈಯಿಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದಷ್ಟೇ ಹೇಳಿ ಹೋಗಿದ್ದರು.

ಮಧ್ಯಾಹ್ನ ಮನೆಗೆ ಬಂದ ಈಶ್ವರಿ ತಟ್ಟೆಯ ಮುಂದೆ ಕುಳಿತಳು, ಅನ್ನಕ್ಕೆ ಕೈ ಹಾಕಲಿಲ್ಲ. ಕೇಬಲ್ಲಿನ ಜಾಯಿಂಟಿಗೆ ನೀರು ಹೋಗಿದೆ, ಆ ಜಾಯಿಂಟು ಮಾಡಿ ಟೇಪು ಸುತ್ತಿದವಳು ತಾನೇ, ಎಂದು ಹೇಳಿದಳು. ಆಮೇಲೆ ಹೇಳಿದಳು: “ಕಂಪನಿಯವ್ರು ಸೋಮವಾರ ಬಂದು ಸೇರ್ಕೊಳ್ಳಿ ಅಂದವ್ರೆ. ಹೋಗ್ತೀನಿ ಅಪ್ಪಾ. ಇದು ನನ್ ಕೈಲಿ ಆಗಲ್ಲ.” ನನ್ನ ಮುಖ ನೋಡದೆ ಕೇಳಿದಳು: “ನೀವ್ ಕೈ ಇಟ್ಟಿದ್ರೆ ಗೊತ್ತಾಗ್ತಿತ್ತಾ?”

ಹೌದು ಎಂಬ ಒಂದು ಮಾತು ಸಾಕಾಗಿತ್ತು, ಪಟ್ಟರೆ ಪೂರ್ತಿಯಾಗಿ ನನ್ನ ಕೈಗೆ ವಾಪಸು ಬರುತ್ತಿತ್ತು. ಗಿರಾಕಿಗಳು ನಂಬುತ್ತಿದ್ದರು, ಅವಳೂ ನಂಬುತ್ತಿದ್ದಳು. ಅಂಗೈ ತುರಿಸಿತು ಎಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಮಗಳು ತಲೆ ಬಗ್ಗಿಸಿ ಕುಳಿತೇ ಇದ್ದಳು.

“ಇಲ್ಲ ಕಣ್ಣು,” ಎಂದೆ. “ನೀರು ಹೋದದ್ದು ಬೋರ್ ಒಳಗೆ ಇಳಿದ ಮೇಲೆ. ಪಟ್ಟರೇಲಿ ಒಣಗಿರೋ ಮೋಟಾರ್ ಮೇಲೆ ಯಾರು ಕೈ ಇಟ್ರೂ ಗೊತ್ತಾಗಲ್ಲ. ನಾನ್ ಇಟ್ಟು ಕಳಿಸಿದ್ರೂ ವಾಪಸ್ ಬರ್ತಿತ್ತು.”

ಅವಳು ತಲೆಯೆತ್ತಿದಳು. “ಮತ್ತೆ ಇಷ್ಟ್ ವರ್ಷ ಕೈ ಇಟ್ಟಿದ್ದು ಎದುಕ್ಕೆ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬೇರಿಂಗು ಬಿಸಿಯಾಗಿದ್ದರೆ ತಿಳಿಯುತ್ತಿತ್ತು, ನಡುಕವಿದ್ದರೆ ತಿಳಿಯುತ್ತಿತ್ತು, ಅದು ಸರಿ. ಆದರೆ ಅದಕ್ಕೆ ಕಣ್ಣು ಮುಚ್ಚಿ ಅಷ್ಟು ಹೊತ್ತು ನಿಲ್ಲಬೇಕಾಗಿರಲಿಲ್ಲ. “ನನ್ ಧೈರ್ಯಕ್ಕೆ,” ಎಂದೆ.

“ನನ್ ಧೈರ್ಯಕ್ಕೆ ನಾನೇನ್ ಮಾಡ್ಲಿ?”

ಇದಕ್ಕೆ ಉತ್ತರ ಕೊಟ್ಟವಳು ಮಹದೇವಿ. “ಮೊದ್ಲು ಉಣ್ಣು,” ಎಂದು ಅನ್ನದ ಮೇಲೆ ಇನ್ನೊಂದು ಸೌಟು ಹುಳಿ ಹಾಕಿದಳು. ಈಶ್ವರಿ ಉಂಡಳು, ಕೈ ತೊಳೆದಳು, ಪಟ್ಟರೆಗೆ ಹೋದಳು.

ಆ ವಾರ ಮನೆಯಲ್ಲಿ ಕಂಪನಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನು ದಿನವೂ ಹಾರಿದೆ, ದಿನವೂ ಇಳಿದೆ, ಮನೆಯಲ್ಲಿ ಸುಲಿದ ಈರುಳ್ಳಿ ಎಷ್ಟು ಮಿಕ್ಕಿತೆಂದರೆ ಪಕ್ಕದ ಮನೆಯವರಿಗೂ ಹಂಚಿದೆವು. ಹಡಗಿನ ಅಟ್ಟದ ಅಂಚಿನಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ, ಅವನನ್ನು ಆಗ ಮೊದಲ ಸಲ ಗಮನವಿಟ್ಟು ನೋಡಿದೆ. ಅವನೂ ಒಂದು ಕಾಲದ ಪೈಲಟ್ಟೇ ಆಗಿರುತ್ತಾನಂತೆ. ಅವನ ಕೈಯಲ್ಲಿ ಹಿಡಿಕೆಯಿಲ್ಲ. ಬರುವ ವಿಮಾನವನ್ನು ನೋಡುತ್ತ ಬೇಕಾದಾಗ ಒಂದೆರಡು ಮಾತು ಹೇಳುತ್ತಾನೆ, ಬೇಡವಾದಾಗ ಸುಮ್ಮನಿರುತ್ತಾನೆ. ಗಾಳಿಗೆ ಅವನ ಅಂಗಿ ಪಟಪಟನೆ ಹೊಡೆದುಕೊಳ್ಳುತ್ತಿರುತ್ತದೆ. ಆ ಉದ್ಯೋಗಕ್ಕೆ ಅರ್ಜಿ ಹಾಕುವ ಯೋಗ್ಯತೆ ನನಗೆ ಬಂದಿದೆಯೇ ಎಂದು ಯೋಚಿಸುತ್ತಿದ್ದೆ.

ಭಾನುವಾರ ಬೆಳಗ್ಗೆ, ಅವಸರದ ಕೆಲಸವಿದೆಯೆಂದು ಪಟ್ಟರೆ ತೆರೆದಿದ್ದ ಈಶ್ವರಿಯಿಂದ ಫೋನು ಬಂತು. “ಕಾಪಿ ಕುಡಿಯೋಕೆ ಬನ್ನಿ ಅಪ್ಪಾ,” ಎಂದಳು. ಸೋಮವಾರದ ಹೊಸ್ತಿಲಲ್ಲಿ ಬಂದ ಆ ಕರೆ ನನಗೆ ಬೀಗದ ಕೈಯನ್ನು ಒಪ್ಪಿಸುವ ಕರೆಯಂತೆಯೇ ಕೇಳಿಸಿತು. ಚಪ್ಪಲಿ ಮೆಟ್ಟುವಾಗ ಮಹದೇವಿ ಬಂದು ಬಾಗಿಲಲ್ಲಿ ನಿಂತಳು, ಅವಳ ಮುಖದಲ್ಲೂ ಅದೇ ಅನುಮಾನವಿತ್ತು.

ಪಟ್ಟರೆಯ ಮೂಲೆಯಲ್ಲಿ ಹೊಸದೊಂದು ನೀರಿನ ಡ್ರಮ್ಮು ಬಂದಿತ್ತು. ಅದರೊಳಗೆ ಮೋಟಾರೊಂದರ ಕೇಬಲ್ ಜಾಯಿಂಟು ಮುಳುಗಿತ್ತು, ಮೇಲೆ ಮೀಟರು ಕುಳಿತಿತ್ತು. ಇನ್ನು ಮುಂದೆ ಯಾವ ಜಾಯಿಂಟೂ ಒಂದು ಹಗಲು ಒಂದು ರಾತ್ರಿ ಹೀಗೆ ನೀರಿನಲ್ಲಿ ಮುಳುಗಿರದೆ ಹೊರಗೆ ಹೋಗುವುದಿಲ್ಲವೆಂದು ಅವಳು ಹೇಳಿದಳು. ಏನಿದು ಎಂದು ನಾನು ಕೇಳುವ ಮೊದಲೇ, “ನನ್ ಧೈರ್ಯಕ್ಕೆ,” ಎಂದು ಸೇರಿಸಿದಳು. ನನಗೆ ಬಾಗಿಲ ಬಳಿ ಸ್ಟೂಲು ಹಾಕಿ, ಕೈಗೆ ಕಾಫಿಯ ಲೋಟ ಕೊಟ್ಟಳು.

ವೆಳ್ಳಕೋಯಿಲಿನ ಅದೇ ಗಿರಾಕಿ, ಈ ಸಲ ಬಾವಿಯ ಮೇಲಿನ ಪಂಪೊಂದನ್ನು ರಿಪೇರಿಗೆ ಕೊಟ್ಟವನು, ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ಈಶ್ವರಿ ಆ ಪಂಪನ್ನು ಚಾಲೂ ಮಾಡಿದಳು. ಓಡತೊಡಗಿದ ಕೂಡಲೇ ನನಗೆ ಕೇಳಿಸಿತು, ಸದ್ದಿನ ಒಳಗೆ ಇನ್ನೊಂದು ಸಣ್ಣ ಸದ್ದು. ಗಿರಾಕಿ ನನ್ನ ಕೈ ನೋಡುತ್ತಿದ್ದ. ನಾನು ಎರಡೂ ಅಂಗೈಗಳಿಂದ ಲೋಟವನ್ನು ಹಿಡಿದುಕೊಂಡೆ, ಕಾಫಿ ಸುಡುತ್ತಿತ್ತು.

ಈಶ್ವರಿ ಮೀಟರು ನೋಡಿದಳು, ಕತ್ತು ಓರೆಮಾಡಿ ಕೇಳಿಸಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿ, “ಹಿಂದಿನ ಬೇರಿಂಗು. ಅಲ್ವಾ ಅಪ್ಪಾ?” ಎಂದಳು.

“ಅದೇ,” ಎಂದೆ.

ಅವಳು ಪಂಪು ಆರಿಸಿ, ಗಿರಾಕಿಗೆ ಇವತ್ತು ಕೊಡಲಾಗುವುದಿಲ್ಲ, ಬೇರಿಂಗು ಬದಲಾಯಿಸಬೇಕು, ನಾಳೆ ಬನ್ನಿ ಎಂದು ತಮಿಳಿನಲ್ಲಿ ಹೇಳಿದಳು. ಅವನು ಅವಳನ್ನೂ ನನ್ನನ್ನೂ ನೋಡಿ, ತಲೆ ಕೆರೆದುಕೊಂಡು, ನಾಳೆ ಬಂದರೆ ಪಟ್ಟರೆಯಲ್ಲಿ ಯಾರು ಇರುತ್ತೀರಿ ಎಂದು ಕೇಳಿದ.

ನಾಳೆ ಎಂದರೆ ಸೋಮವಾರ. ನಾನು ಕಾಫಿ ಕುಡಿಯುವುದನ್ನು ಮರೆತೆ.

“ನಾನೇದಾನುಂಗ ಇರುಪ್ಪೇನ್,” ನಾನೇ ಇರ್ತೀನಿ, ಎಂದಳು ಈಶ್ವರಿ, ಸ್ಪ್ಯಾನರಿಗೆ ಕೈ ಚಾಚುತ್ತ.